ಕಳ್ಳನಿಗೆ ಏಣಿ ಹಿಡಿಯುವವರು ಮನೆಯೊಳಗೇ ಇದ್ದಾರೆ

ಕಾಲುಬಾಯಿ ಜ್ವರದ ವೈರಸ್ಸಿಗೆ ಔಷಧಿ ಯಾಕೆ ಇಲ್ಲ? ಒಂದು ಕರು ಕಳಕೊಂಡ ಮೇಲೆ ತಿಳಕೊಂಡ ಸಂಗತಿ ಇದು.

2013ರ ಮಳೆಗಾಲ ಮುಗಿಯುತ್ತಾ ಬಂದಿತ್ತು. ಬೆಳಗ್ಗೆ ಹಾಲು ಕರೆಯಲು ಹಟ್ಟಿಗೆ ಹೋದರೆ ಗೌರಿ ಎದ್ದು ನಿಲ್ಲಲಿಲ್ಲ. ಬಾಯಿಯಿಂದ ನೂಲಿನ ಹಾಗೆ ಜೊಲ್ಲು ಇಳಿಯುತ್ತಿತ್ತು. ಆಗಾಗ ಬಾಯಿ ಚಪ್ಪರಿಸುವ ಸದ್ದು. ರಾತ್ರಿ ಹಾಕಿದ ಹಸಿಹುಲ್ಲು ಹಾಗೇ ಬಿದ್ದಿತ್ತು. ಬಾಯಿ ಬಿಡಿಸಿ ನೋಡಿದೆ. ನಾಲಗೆಯ ಮೇಲಿನ ಗುಳ್ಳೆ ಒಡೆದು ಚರ್ಮ ಸುಲಿದು ಬಂದಿತ್ತು. ಗೊರಸಿನ ಸಂದಿನಲ್ಲೂ ಹುಣ್ಣು.

ಮರುದಿನ ಲಕ್ಷ್ಮಿಗೆ, ಅದರ ಮರುದಿನ ಕಡಸಿಗೆ. ನಾಲ್ಕನೆಯ ದಿನ ಗೌರಿಯ ಇಪ್ಪತ್ತು ದಿನದ ಕರು ಹಾಲು ಕುಡಿಯುತ್ತಿದ್ದದ್ದು ಅಲ್ಲೇ ಕುಸಿದು ಸತ್ತಿತು. ಅದರ ಬಾಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ‘ಎಳೆ ಕರುಗಳಿಗೆ ಇದು ನೇರ ಹೃದಯಕ್ಕೇ ಹೊಡೀತದೆ’ ಎಂದರು ಡಾಕ್ಟ್ರು.

ಆ ವರ್ಷ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ದೊಡ್ಡದಾಗಿ ಹಬ್ಬಿ ಸಾವಿರಾರು ದನಗಳು ಸತ್ತದ್ದು ಓದುಗರಿಗೆ ನೆನಪಿರಬಹುದು. ಆದರೆ ನನ್ನ ಹಟ್ಟಿಯ ಮಟ್ಟಿಗೆ ತಪ್ಪು ಬೇರೆಯವರದ್ದಲ್ಲ. ಎರಡು ತಿಂಗಳ ಹಿಂದೆ ಲಸಿಕೆಯವರು ಅಂಗಳಕ್ಕೇ ಬಂದಿದ್ದರು. ‘ಗೌರಿ ಗಬ್ಬದಲ್ಲಿದ್ದಾಳೆ, ಲಕ್ಷ್ಮಿಯ ಹಾಲು ಇಳೀತದೆ, ಈಗ ಬೇಡ’ ಎಂದು ಹಿಂದೆ ಕಳಿಸಿದವ ನಾನೇ. ಅದರ ಹಿಂದಿನ ಸುತ್ತನ್ನೂ ಹೀಗೇ ಏನೋ ನೆವ ಹೇಳಿ ತಪ್ಪಿಸಿದ್ದೆ. ಎರಡು ದಿನದ ನಾಲ್ಕು ಲೀಟರ್ ಹಾಲು ಉಳಿಸಲು ಹೋಗಿ ದಿನಕ್ಕೆ 14 ಲೀಟರ್ ಇದ್ದದ್ದು ಮೂರಕ್ಕೆ ಇಳಿಯಿತು.

‘ಇನ್ನೂ ಪವರಿನದ್ದು ಕೊಡಿ’

ಡಾಕ್ಟ್ರು ಮೂರು ದಿನ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿದರೂ ಗುಳ್ಳೆ ನಿಲ್ಲಲಿಲ್ಲ. ‘ಇನ್ನೂ ಪವರಿನದ್ದು ಕೊಡಿ, ದುಡ್ಡು ಎಷ್ಟಾದರೂ ಆಗಲಿ’ ಎಂದೆ. ಅವರು ಹೇಳಿದ್ದು ಇಷ್ಟೆ: ‘ಇದು ಹುಣ್ಣು ಕೀವಾಗದ ಹಾಗೆ ಕೊಟ್ಟದ್ದು. ವೈರಸ್ಸಿಗೆ ಇದು ನಾಟುವುದೇ ಇಲ್ಲ. ವೈರಸ್ಸಿಗೆ ಔಷಧಿ ಇಲ್ಲ ಮಾರಾಯ್ರೆ.’

ಯಾಕೆ ಇಲ್ಲ? ಕೊಳೆರೋಗಕ್ಕೆ ಬೋರ್ಡೋ ಇದೆ, ಕೆಚ್ಚಲು ಬಾವಿಗೆ ಟ್ಯೂಬ್ ಇದೆ. ಇದಕ್ಕೆ ಮಾತ್ರ ಏನೂ ಇಲ್ಲವೆಂದರೆ ಏನರ್ಥ? ಈ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಆ ದೀಪಾವಳಿಗೆ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳು ಓದುತ್ತಿದ್ದದ್ದು ವೈರಸ್ಸಿನ ವಿಷಯವೇ. ಸಂಜೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೇಳಿದೆ. ಅವಳು ಹೇಳಿದ್ದನ್ನು, ಅನಂತರದ ವರ್ಷಗಳಲ್ಲಿ ಅವಳನ್ನು ಮತ್ತೆ ಮತ್ತೆ ಕಾಡಿಸಿ ತಿಳಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಅಡುಗೆಯವರೂ ನಮ್ಮವರು, ಒಲೆಯೂ ನಮ್ಮದು

‘ಮಾವ, ವೈರಸ್ ಅಂದರೆ ಒಂದು ಚೀಟಿ ಅಷ್ಟೆ. ಮೇಲಿಂದ ಒಂದು ಚಿಪ್ಪು’ ಎಂದು ಶುರು ಮಾಡಿದಳು.

ಕಾಲುಬಾಯಿ ವೈರಸ್ಸಿನ ಒಳಗೆ ಇರುವುದು ಆರ್‌ಎನ್‌ಎ ಎಂಬ ಒಂದೇ ಒಂದು ಎಳೆ. ಅದರಲ್ಲಿ ಸುಮಾರು 8,400 ಅಕ್ಷರ. ಅಕ್ಷರಮಾಲೆಯಲ್ಲಿ ಇರುವುದೇ ನಾಲ್ಕು ಅಕ್ಷರ. ಅದನ್ನು ಸುತ್ತಿಕೊಂಡು ಪ್ರೋಟೀನಿನ ಚಿಪ್ಪು. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಒಂದು ಪ್ರೋಟೀನನ್ನೂ ಸ್ವಂತವಾಗಿ ಮಾಡಿಕೊಳ್ಳುವ ತಾಕತ್ತಿಲ್ಲ. 1897ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್, ಬ್ಯಾಕ್ಟೀರಿಯಾ ತಡೆಯುವ ಸೋಸುಬುಟ್ಟಿಯನ್ನೂ ದಾಟುವ ಏನೋ ಒಂದು ಈ ರೋಗ ತರುತ್ತದೆ ಎಂದು ತೋರಿಸಿಕೊಟ್ಟರು. ಪ್ರಾಣಿಗಳಿಗೆ ರೋಗ ತರುವ ವೈರಸ್ ಎಂದು ಮೊದಲು ಗೊತ್ತಾದದ್ದೇ ಈ ನಮ್ಮ ಹಟ್ಟಿಯ ಶತ್ರು.

ಇನ್ನು ದನದ ಜೀವಕೋಶ. ಅದೊಂದು ಮದುವೆಮನೆಯ ಅಡುಗೆಕೊಟ್ಟಿಗೆ ಎಂದಿಟ್ಟುಕೊಳ್ಳಿ. ಅಡುಗೆ ಮಾಡುವವರ ಹೆಸರು ರೈಬೋಸೋಮ್. ಒಂದೊಂದು ಕೋಶದಲ್ಲೂ ಲಕ್ಷಾಂತರ ಮಂದಿ. ಯಾವ ಪ್ರೋಟೀನ್ ಬೇಕು ಎಂಬ ಚೀಟಿ ಯಜಮಾನನ ಕೋಣೆಯಿಂದ ಬರುತ್ತದೆ. ಆ ಚೀಟಿಯೂ ಆರ್‌ಎನ್‌ಎಯೇ. ಆದರೆ ಯಜಮಾನನ ಚೀಟಿಯ ತಲೆಯಲ್ಲಿ ಒಂದು ಮೊಹರು ಇರುತ್ತದೆ. ಆ ಮೊಹರನ್ನು ಗುರುತಿಸಲು ಒಬ್ಬ ಕಾವಲುಗಾರ. ವಿಜ್ಞಾನಿಗಳು ಇಟ್ಟ ಹೆಸರು ಇಐಎಫ್-4ಇ. ಕಾವಲುಗಾರನ ಕೈಯನ್ನು ಒಂದು ಕೈಯಲ್ಲೂ ಅಡುಗೆಯವರ ಕೈಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಜೋಡಿಸುವ ಮೇಸ್ತ್ರಿ ಇನ್ನೊಬ್ಬ. ಅವನು ಇಐಎಫ್-4ಜಿ. ಮೊಹರು ನೋಡಿ, ಮೇಸ್ತ್ರಿ ಕರೆದು, ಅಡುಗೆಯವರು ಚೀಟಿಯ ತಲೆಯಿಂದ ಓದುತ್ತಾ ಬಂದು, ‘ಇಲ್ಲಿಂದ ಶುರು’ ಎಂಬ ಗುರುತು ಸಿಕ್ಕಿದಲ್ಲಿ ಕೆಲಸ ಪ್ರಾರಂಭಿಸುತ್ತಾರೆ. ದಿನನಿತ್ಯದ ಕ್ರಮ ಇದು.

ಮೊಹರಿಲ್ಲದ ಚೀಟಿ

ವೈರಸ್ಸಿನ ಚೀಟಿಗೆ ಮೊಹರಿಲ್ಲ. ಹಾಗಾದರೆ ಅಡುಗೆಯವರು ಅದನ್ನು ಮುಟ್ಟಬಾರದಲ್ಲ? ವಿಜ್ಞಾನಿಗಳಿಗೂ ಬಹುಕಾಲ ಇದು ಒಗಟಾಗಿತ್ತು. 1988ರಲ್ಲಿ ಉತ್ತರ ಸಿಕ್ಕಿತು. ಕೆನಡಾದಲ್ಲಿ ಪೆಲೆಟಿಯರ್ ಮತ್ತು ಸೋನೆನ್‌ಬರ್ಗ್ ಪೋಲಿಯೋ ವೈರಸ್ಸಿನಲ್ಲಿ, ಅಮೆರಿಕದಲ್ಲಿ ವಿಮ್ಮರ್ ಅವರ ತಂಡ ಅದರ ಹತ್ತಿರದ ಇನ್ನೊಂದು ವೈರಸ್ಸಿನಲ್ಲಿ ಇದನ್ನು ಕಂಡರು. ಈ ಚೀಟಿಗಳಲ್ಲಿ ಅಡುಗೆಯವರು ತಲೆಯಿಂದ ಓದಿಕೊಂಡು ಬರುವುದಿಲ್ಲ. ನೇರವಾಗಿ ಮಧ್ಯಕ್ಕೇ ಇಳಿಯುತ್ತಾರೆ. 1990ರಲ್ಲಿ ಜರ್ಮನಿಯವರು ಕಾಲುಬಾಯಿ ವೈರಸ್ಸಿನಲ್ಲೂ ಇದೇ ಇದೆ ಎಂದು ತೋರಿಸಿದರು.

ಹಾಗೆ ಇಳಿಸಿಕೊಳ್ಳುವ ಜಾಗದಲ್ಲಿ ಸುಮಾರು 450 ಅಕ್ಷರ. ಅದು ನೆಟ್ಟಗೆ ಇರುವ ಎಳೆಯಲ್ಲ. ತೆಂಗಿನ ಹುರಿಹಗ್ಗ ಬಿಗಿಯಾಗಿ ತಿರುಚಿದರೆ ತನ್ನಷ್ಟಕ್ಕೇ ಮಡಚಿ ಗಂಟುಗಂಟಾಗಿ ಕೂರುತ್ತದಲ್ಲ, ಹಾಗೆ. ಒಂದೊಂದು ಗಂಟಿಗೂ ಒಂದೊಂದು ಕೆಲಸ. ಒಂದು ಗಂಟು ನೇರವಾಗಿ ಮೇಸ್ತ್ರಿಯನ್ನೇ ಹಿಡಿಯುತ್ತದೆ. ಕಾವಲುಗಾರನ ಗೊಡವೆಯೇ ಇಲ್ಲ.

ಹಿತ್ತಿಲ ಬಾಗಿಲಿನಿಂದ ಹೀಗೆ ಒಳಗೆ ಬಂದ ಚೀಟಿಯಿಂದ ಮೊದಲು ತಯಾರಾಗುವುದೇನು ಗೊತ್ತೇ? ಒಂದು ಕತ್ತರಿ. ಎಲ್ ಪ್ರೋಟಿಯೇಸ್ ಎಂದು ಅದರ ಹೆಸರು. ಅದು ಮೊದಲು ತನ್ನನ್ನೇ ಬಿಡಿಸಿಕೊಂಡು ಹೊರಬರುತ್ತದೆ. ಮತ್ತೆ ಹೋಗಿ ಮೇಸ್ತ್ರಿಯನ್ನು ಎರಡು ತುಂಡು ಮಾಡುತ್ತದೆ. ಕಾವಲುಗಾರನನ್ನು ಹಿಡಿದ ತುಂಡು ಒಂದು ಕಡೆ, ಅಡುಗೆಯವರನ್ನು ಹಿಡಿದ ತುಂಡು ಇನ್ನೊಂದು ಕಡೆ. ಇನ್ನು ಯಜಮಾನನ ಚೀಟಿಗೆ ಬೆಲೆ ಇಲ್ಲ, ಮೊಹರು ಇದ್ದರೂ ಅಡುಗೆಯವರಿಗೆ ತಲುಪುವುದಿಲ್ಲ. ವೈರಸ್ಸಿನ ಚೀಟಿಗೆ ಬೇಕಾದದ್ದು ಎರಡನೆಯ ತುಂಡು ಮಾತ್ರ. ಅದು ಹಾಗೇ ಉಳಿದಿದೆ. ಅಲ್ಲಿಗೆ ಅಡುಗೆಕೊಟ್ಟಿಗೆ ಪೂರಾ ವೈರಸ್ಸಿನದ್ದು.

ಯಜಮಾನನ ಚೀಟಿಗಳಲ್ಲಿ ‘ಕಳ್ಳ ಬಂದಿದ್ದಾನೆ’ ಎಂದು ನೆರೆಕರೆಗೆ ಕೂಗಿ ಹೇಳುವ ಚೀಟಿಯೂ ಇರುತ್ತದೆ. ಇಂಟರ್‌ಫೆರಾನ್ ಎಂಬ ಪ್ರೋಟೀನಿನದ್ದು. ಅದೂ ತಯಾರಾಗದು. ಈ ಕತ್ತರಿಯನ್ನು ತೆಗೆದುಹಾಕಿದ ವೈರಸ್ಸನ್ನು ಅಮೆರಿಕದಲ್ಲಿ 1990ರ ದಶಕದಲ್ಲಿ ತಯಾರಿಸಿ ದನಗಳಲ್ಲಿ ನೋಡಿದ್ದಾರೆ. ರೋಗ ತರುವ ಅದರ ಶಕ್ತಿ ಬಹಳ ಕುಗ್ಗಿತ್ತು.

ಏಣಿ ಹಿಡಿದವರು ಇವರು

ನನಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯ ಮಾಡಿದ್ದು ಮುಂದಿನ ಸಂಗತಿ.

ಆ 450 ಅಕ್ಷರದ ಗಂಟು ತನ್ನಷ್ಟಕ್ಕೇ ಸರಿಯಾದ ಆಕಾರದಲ್ಲಿ ನಿಲ್ಲುವುದಿಲ್ಲ. ಅಡಿಕೆಮರಕ್ಕೆ ಒರಗಿಸಿದ ಏಣಿಯನ್ನು ಯಾರಾದರೂ ಬುಡದಲ್ಲಿ ಹಿಡಿಯಬೇಕಲ್ಲ, ಹಾಗೆ ಇದನ್ನೂ ಹಿಡಿದು ನಿಲ್ಲಿಸುವವರು ಬೇಕು. ಹಿಡಿಯುವವರು ಯಾರು? ವೈರಸ್ ತಂದ ಆಳುಗಳಲ್ಲ. ದನದ ಕೋಶದ ಸ್ವಂತ ಪ್ರೋಟೀನುಗಳೇ!

ಅವುಗಳಲ್ಲಿ ಮುಖ್ಯವಾದದ್ದು ಪಿಟಿಬಿ. ಇದಕ್ಕೆ ಆರ್‌ಎನ್‌ಎ ಹಿಡಿಯಲು ನಾಲ್ಕು ಕೈ. ನಾಲ್ಕು ಅಕ್ಷರಗಳಲ್ಲಿ ಸಿ ಮತ್ತು ಯು ಒಟ್ಟೊಟ್ಟಿಗೆ ಬಂದ ಕಡೆ ಇದು ಹೋಗಿ ಹಿಡಿಯುತ್ತದೆ. ಇದರ ನಿಜವಾದ ಉದ್ಯೋಗ ಯಜಮಾನನ ಕೋಣೆಯಲ್ಲಿ, ಅಂದರೆ ಕೋಶದ ಕೇಂದ್ರದಲ್ಲಿ. ಅಲ್ಲಿ ಕರಡು ಚೀಟಿಗಳಲ್ಲಿ ಯಾವ ಭಾಗ ಇಡಬೇಕು, ಯಾವುದು ಬಿಡಬೇಕು ಎಂದು ನೋಡಿಕೊಳ್ಳುವ ಕೆಲಸ. ಅದು ಇಲ್ಲದಿದ್ದರೆ ದನಕ್ಕೇ ಬದುಕಿಲ್ಲ. ಆದರೆ ವೈರಸ್ಸಿನ ಚೀಟಿಯಲ್ಲೂ ಅದೇ ಅಕ್ಷರಗಳ ಸಾಲು ಇದೆ. ಪಿಟಿಬಿಗೆ ಕಳ್ಳ ಯಾರು, ಮನೆಯವ ಯಾರು ಎಂದು ತಿಳಿಯುವುದಿಲ್ಲ. ಸಾಲು ಕಂಡಿತೋ, ಹಿಡಿಯಿತು.

ಎರಡನೆಯದು ಐಟಿಎಎಫ್-45. ಇದು ಹೆಚ್ಚಾಗಿ ಒಡೆದು ಬೆಳೆಯುವ ಕೋಶಗಳಲ್ಲಿ ಇರುವಂಥದ್ದು. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ಹೀಗಿದೆ. ಕೋಶದ ಅಡುಗೆ ಸಾಮಾನುಗಳನ್ನು ಒಂದೊಂದಾಗಿ ಶುದ್ಧ ಮಾಡಿ ಕೊಳವೆಯಲ್ಲಿ ಕೂಡಿಸಿದರು. ಕಾಲುಬಾಯಿ ವೈರಸ್ಸಿನ ಚೀಟಿ ಹಾಕಿದರು. ಈ ಎರಡು ಪ್ರೋಟೀನ್ ಇಲ್ಲದಾಗ ರೈಬೋಸೋಮ್ ಶುರುವಿನ ಗುರುತಿನ ಮೇಲೆ ಸರಿಯಾಗಿ ಕೂರಲಿಲ್ಲ. ಎರಡನ್ನೂ ಹಾಕಿದಾಗ ಕೂತಿತು. ಎರಡೂ ಹಿಡಿದಾಗ ಗಂಟಿನ ಆಕಾರ ಸ್ವಲ್ಪ ಬದಲಾಗುತ್ತದೆ, ಮೇಸ್ತ್ರಿಗೆ ಹಿಡಿಯಲು ಅನುಕೂಲವಾಗುತ್ತದೆ.

ಇನ್ನೂ ಒಂದು ಸ್ವಾರಸ್ಯ. ಇಲಿಯ ಮಿದುಳಿಗೆ ಬರುವ ಥೈಲರ್ ಎಂಬ ವೈರಸ್ ಇದೇ ಬಳಗದ್ದು. ಅದಕ್ಕೆ ಪಿಟಿಬಿ ಒಂದೇ ಸಾಕು. ಆ ವೈರಸ್ಸಿನ ಗಂಟು ತೆಗೆದು ಅಲ್ಲಿ ಕಾಲುಬಾಯಿ ವೈರಸ್ಸಿನ ಗಂಟನ್ನು ಕಸಿ ಕಟ್ಟಿದರು. ಈ ಕಸಿ ವೈರಸ್ ಪ್ರಯೋಗಶಾಲೆಯ ಕೋಶಗಳಲ್ಲಿ ಬೆಳೆಯಿತು, ಇಲಿಯ ಮಿದುಳಿನಲ್ಲಿ ಕಾಯಿಲೆ ತರಲು ಸೋತಿತು. ಇಲಿಯ ಮಿದುಳಿನಲ್ಲಿ ಐಟಿಎಎಫ್-45 ಸಿಗುವುದಿಲ್ಲ. ಏಣಿ ಇದೆ, ಹಿಡಿಯುವವ ಇಲ್ಲ.

ಇದು ನಮಗೆ ಸಂಬಂಧವಿಲ್ಲದ ಸಂಗತಿ ಎಂದುಕೊಳ್ಳಬೇಡಿ. ನಮ್ಮ ಮಕ್ಕಳ ಬಾಯಿಗೆ ಹಾಕಿಸಿದ ಪೋಲಿಯೋ ಹನಿಯಲ್ಲಿ ಇದ್ದದ್ದು ಜೀವಂತ, ಆದರೆ ಬಲಗುಂದಿದ ವೈರಸ್. ಬಲಗುಂದಲು ಇದ್ದ ಕಾರಣಗಳಲ್ಲಿ ಒಂದು, ಅದೇ ಗಂಟಿನೊಳಗಿನ ಒಂದು ಅಕ್ಷರದ ಬದಲಾವಣೆ. ಆ ಒಂದಕ್ಷರದಿಂದ ಪಿಟಿಬಿಯ ಹಿಡಿತ ಸಡಿಲವಾಗಿ ನರಕೋಶದಲ್ಲಿ ವೈರಸ್ಸಿನ ಅಡುಗೆ ಸರಿಯಾಗಿ ಆಗುವುದಿಲ್ಲ. ಕರುಳಿನಲ್ಲಿ ಮಾತ್ರ ಬೆಳೆದು ರೋಗನಿರೋಧ ಕಲಿಸುತ್ತದೆ. 2014ರಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾದದ್ದರ ಹಿಂದೆ ಇಷ್ಟು ಸಣ್ಣ ಸಂಗತಿಗೂ ಪಾಲಿದೆ.

ಔಷಧಿ ಯಾಕೆ ಕಷ್ಟ

ಈಗ ನನ್ನ ಪ್ರಶ್ನೆಗೆ ಬರೋಣ. ಬ್ಯಾಕ್ಟೀರಿಯಾಕ್ಕೆ ಅದರದ್ದೇ ಆದ ರೈಬೋಸೋಮ್ ಇದೆ. ದನದ್ದಕ್ಕಿಂತ ರಚನೆ ಬೇರೆ. ಟೆಟ್ರಾಸೈಕ್ಲಿನ್ ಇಂಜೆಕ್ಷನ್ ಹೋಗಿ ಆ ಬೇರೆ ರೈಬೋಸೋಮನ್ನು ಹಿಡಿದು ನಿಲ್ಲಿಸುತ್ತದೆ, ದನದ್ದರ ತಂಟೆಗೆ ಹೆಚ್ಚು ಹೋಗುವುದಿಲ್ಲ. ಹಾಗಾಗಿ ರೋಗಾಣು ಸಾಯುತ್ತದೆ, ದನ ಉಳಿಯುತ್ತದೆ. ವೈರಸ್ಸಿಗೆ ಸ್ವಂತ ರೈಬೋಸೋಮ್ ಇಲ್ಲ, ಪಿಟಿಬಿ ಇಲ್ಲ, ಮೇಸ್ತ್ರಿ ಇಲ್ಲ. ಎಲ್ಲ ದನದ್ದೇ. ಯಾವುದಕ್ಕೆ ಹೊಡೆದರೂ ಪೆಟ್ಟು ದನಕ್ಕೇ. ಗದ್ದೆಯಲ್ಲಿ ಕಳೆಯ ಬೇರೂ ಪೈರಿನ ಬೇರೂ ಒಂದೇ ಆದರೆ ಕೀಳುವುದು ಹೇಗೆ?

ನಾನು ಹಟಮಾಡಿ ಹಾಕಿಸಿದ ಆ ಹೆಚ್ಚಿನ ಇಂಜೆಕ್ಷನ್‌ಗಳ ದುಡ್ಡು ಎಲ್ಲಿಗೆ ಹೋಯಿತೆಂದು ಆಗ ಅರ್ಥವಾಯಿತು. ಹುಣ್ಣಿಗೆ ಕೀವಾಗದಿರಲು ಡಾಕ್ಟ್ರು ಹೇಳಿದಷ್ಟು ಸಾಕು. ಮೇಲಿನದ್ದು ದಂಡ.

ಗಿಡಗಳಲ್ಲಿ ಸ್ವಲ್ಪ ಬೇರೆ. ಮೆಣಸಿನ ಗಿಡಕ್ಕೆ ಪಾಟಿವೈರಸ್ ಎಂಬ ಗುಂಪಿನ ವೈರಸ್ಸುಗಳು ಬರುತ್ತವೆ. ಪಪ್ಪಾಯಿಯ ಉಂಗುರಚುಕ್ಕೆ ರೋಗದ್ದೂ ಇದೇ ಗುಂಪು. ಇವುಗಳ ಚೀಟಿಯ ತಲೆಯಲ್ಲಿ ಮೊಹರಿನ ಬದಲು ಒಂದು ಸಣ್ಣ ಪ್ರೋಟೀನ್ ಅಂಟಿಕೊಂಡಿರುತ್ತದೆ. ಅದು ಗಿಡದ ಕಾವಲುಗಾರ ಇಐಎಫ್-4ಇಯನ್ನು ಹಿಡಿದುಕೊಳ್ಳುತ್ತದೆ. ಕೆಲವು ಮೆಣಸಿನ ತಳಿಗಳಲ್ಲಿ ಈ ಕಾವಲುಗಾರನ ಆಕಾರ ತುಸು ಬೇರೆ ಇದ್ದು ವೈರಸ್ಸಿಗೆ ಹಿಡಿತ ಸಿಗುವುದಿಲ್ಲ. ಆ ತಳಿಗಳಿಗೆ ಅಂಥ ವೈರಸ್ ಬಾಧೆ ಇಲ್ಲ. ಹಿಂದಿನ ತಳಿಗಾರರು ಕಾರಣ ತಿಳಿಯದೆಯೇ ಆರಿಸಿಕೊಂಡು ಬಂದದ್ದು ಇದನ್ನೇ ಎಂದು 2002ರಲ್ಲಿ ಫ್ರಾನ್ಸಿನವರು ತೋರಿಸಿದರು. ಗಿಡದಲ್ಲಿ ಇದೇ ಕೆಲಸಕ್ಕೆ ಇನ್ನೊಬ್ಬ ಕಾವಲುಗಾರನೂ ಇರುವುದರಿಂದ ಒಬ್ಬ ಬದಲಾದರೂ ಗಿಡ ಬದುಕುತ್ತದೆ. (ಮೆಣಸಿನ ಎಲೆ ಮುರುಟು ಬೇರೆ. ಅದಕ್ಕೆ ನುಸಿ, ಥ್ರಿಪ್ಸ್, ಬೇರೆ ಜಾತಿಯ ವೈರಸ್ ಹೀಗೆ ಕಾರಣ ಹಲವು. ಎರಡನ್ನೂ ಒಂದೇ ಎಂದು ತಿಳಿಯಬೇಡಿ.)

ಹಾಗಾದರೆ ದಾರಿ ಏನು?

ಒಳಗೆ ಬಂದ ಮೇಲೆ ಏಣಿ ಹಿಡಿಯುವವರನ್ನು ತಡೆಯುವ ಉಪಾಯ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಕಳ್ಳ ಒಳಗೆ ಬಾರದ ಹಾಗೆ ನೋಡಬೇಕು. ಅದಕ್ಕೇ ಲಸಿಕೆ. ಲಸಿಕೆಯಲ್ಲಿ ಇರುವುದು ಸತ್ತ ವೈರಸ್ಸಿನ ಚಿಪ್ಪು. ಆ ಚಿಪ್ಪಿನ ಗುರುತು ಕಲಿತ ರಕ್ತ, ನಿಜವಾದ ವೈರಸ್ ಬಂದಾಗ ಕೋಶದ ಹೊರಗೇ ಹಿಡಿಯುತ್ತದೆ. ಲಸಿಕೆ ಸರಿಯಾಗಿ ಪಡೆದ ದನದ ಗಿಣ್ಣುಹಾಲಿನ ಮೂಲಕ ಕರುವಿಗೂ ರಕ್ಷಣೆ ಹೋಗುತ್ತದೆ. ನನ್ನ ಕರುವಿಗೆ ಅದು ಸಿಗಲಿಲ್ಲ.

ನಾನು ಈಗ ಪಾಲಿಸುತ್ತಿರುವುದನ್ನು ಬರೆಯುತ್ತೇನೆ:

* ವರ್ಷಕ್ಕೆ ಎರಡು ಸಲ, ಆರು ತಿಂಗಳ ಅಂತರದಲ್ಲಿ ಲಸಿಕೆ. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಸಲ, ಒಂದು ತಿಂಗಳ ಅನಂತರ ಇನ್ನೊಮ್ಮೆ. ಗಬ್ಬದ ದನ ಇದ್ದರೆ ನೀವೇ ‘ಬೇಡ’ ಎನ್ನಬೇಡಿ, ಡಾಕ್ಟ್ರನ್ನು ಕೇಳಿ. 2019ರಿಂದ ಕೇಂದ್ರ ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ.

* ಚಿಪ್ಪು ಬಿಸಿಗೆ ಒಡೆಯುತ್ತದೆ. ಒಡೆದ ಚಿಪ್ಪಿನಿಂದ ಪ್ರಯೋಜನ ಕಡಿಮೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಪೆಟ್ಟಿಗೆಯಲ್ಲಿ ಐಸ್ ಇದೆಯಾ ಎಂದು ಕೇಳುವುದು ಅಧಿಕಪ್ರಸಂಗ ಅಲ್ಲ.

* ಈ ವೈರಸ್ಸಿನಲ್ಲಿ ಏಳು ಮುಖ್ಯ ಬಗೆ. ನಮ್ಮ ದೇಶದ ಲಸಿಕೆಯಲ್ಲಿ ಇಲ್ಲಿ ಕಾಣುವ ಓ, ಎ, ಏಷ್ಯಾ-1 ಎಂಬ ಮೂರು ಇವೆ. ಒಂದರ ನಿರೋಧ ಇನ್ನೊಂದಕ್ಕೆ ಆಗದು. ಒಮ್ಮೆ ರೋಗ ಬಂದು ಹೋಗಿದೆ ಎಂದು ಲಸಿಕೆ ಬಿಡಬೇಡಿ.

* ಹೊಸ ದನ ತಂದರೆ ಮೂರು ವಾರ ಬೇರೆ ಕಟ್ಟಿ. ಗುಳ್ಳೆ ಕಾಣುವ ಮೊದಲೇ ದನ ವೈರಸ್ ಹೊರಗೆ ಬಿಡುತ್ತಿರುತ್ತದೆ.

* ಈ ವೈರಸ್ ಹುಳಿಗೂ ಕ್ಷಾರಕ್ಕೂ ಸಾಯುತ್ತದೆ. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಹಾಕಿ ಹಟ್ಟಿಯ ನೆಲ, ಬಾನಿ, ಚಪ್ಪಲಿ ತೊಳೆಯಿರಿ. ದನದ ಹುಣ್ಣಿಗೆ ಇದನ್ನು ಹಾಕಬಾರದು, ಉರಿಯುತ್ತದೆ.

* ರೋಗ ಬಂದ ದನಕ್ಕೆ ಗಂಜಿ, ಮೆತ್ತಗಿನ ಆಹಾರ, ಒಣ ನೆಲ. ಬಾಯಿ, ಗೊರಸು ತೊಳೆಯಲು ತೆಳು ಗುಲಾಬಿ ಬಣ್ಣದ ಪೊಟ್ಯಾಶಿಯಂ ಪರ್ಮಾಂಗನೇಟ್ ನೀರು. ಎಳೆ ಕರುವನ್ನು ತಾಯಿಯಿಂದ ಬೇರೆ ಮಾಡಿ ಕುದಿಸಿ ಆರಿಸಿದ ಹಾಲು ಕೊಡಿ.

* ರೋಗ ಕಂಡ ದಿನವೇ ಪಶು ಆಸ್ಪತ್ರೆಗೆ ತಿಳಿಸಿ, ನೆರೆಕರೆಗೂ ತಿಳಿಸಿ.

ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣ ಇದೆ. ಆ ವರ್ಷ ನಾನು ಎರಡು ದಿನ ಯಾರಿಗೂ ಹೇಳಲಿಲ್ಲ. ಡೈರಿಯಲ್ಲಿ ಹಾಲು ತೆಗೆದುಕೊಳ್ಳದಿದ್ದರೆ ಎಂಬ ಹೆದರಿಕೆ. ಕ್ಯಾನ್ ಹಿಡಿದುಕೊಂಡು, ಅದೇ ಚಪ್ಪಲಿಯಲ್ಲಿ, ಕೆಳಗಿನ ಮನೆಯ ಅಕ್ಕನ ಅಂಗಳ ದಾಟಿಯೇ ಹೋಗುತ್ತಿದ್ದೆ. ವಾರದೊಳಗೆ ಅವರ ಒಂದೇ ಒಂದು ದನಕ್ಕೂ ಬಂತು. ದನ ಉಳಿಯಿತು, ಆದರೆ ಆ ಸಲದ ಹಾಲು ಹೋಯಿತು. ಅವರಿಗೆ ಇದ್ದ ವಾರದ ಆದಾಯ ಅದೊಂದೇ. ನನ್ನಿಂದಲೇ ಬಂತೆಂದು ಹೇಳಲು ಸಾಕ್ಷಿ ಇಲ್ಲ. ಅವರು ಯಾವತ್ತೂ ಕೇಳಲೂ ಇಲ್ಲ. ಕರುವಿನ ಸಾವಿಗಿಂತ ಇದು ನನ್ನನ್ನು ಹೆಚ್ಚು ಚುಚ್ಚಿದ್ದು.

ನಮ್ಮ ಅಜ್ಜಂದಿರ ಕಾಲದಲ್ಲಿ ಊರಿಗೂರೇ ಹಟ್ಟಿ ಖಾಲಿ ಮಾಡುತ್ತಿದ್ದ ದೊಡ್ಡರೋಗ 2011ರಲ್ಲಿ ಭೂಮಿಯಿಂದಲೇ ಅಳಿಯಿತು ಎಂದು ಘೋಷಣೆಯಾಯಿತು. ಅದು ಸಾಧ್ಯವಾದದ್ದು ಲಸಿಕೆಯಿಂದ. ಕಾಲುಬಾಯಿ ಜ್ವರ ಅದಕ್ಕಿಂತ ಹಟಮಾರಿ. ಬಗೆ ಹಲವು, ಲಸಿಕೆಯ ಬಲ ಕೆಲವೇ ತಿಂಗಳು. ಊರಿನಲ್ಲಿ ಒಂದು ಹಟ್ಟಿ ಬಿಟ್ಟುಹೋದರೂ ಅದಕ್ಕೆ ಇರಲು ಜಾಗ ಸಿಕ್ಕಿತು.

ಪಿಟಿಬಿಗೆ ಕಳ್ಳನನ್ನು ಗುರುತಿಸುವ ಬುದ್ಧಿ ಇಲ್ಲ, ಅದು ಏಣಿ ಹಿಡಿಯುತ್ತದೆ. ನನಗೆ ಬುದ್ಧಿ ಇತ್ತು, ಆದರೂ ಲಸಿಕೆಯವರನ್ನು ಅಂಗಳದಿಂದ ಹಿಂದೆ ಕಳಿಸಿ, ರೋಗ ಅಡಗಿಸಿ ನಾನೂ ಏಣಿ ಹಿಡಿದೆ. ಈಗ ಲಸಿಕೆಯ ದಿನ ಬಂದರೆ ಮೊದಲು ಅಕ್ಕನ ಹಟ್ಟಿಗೆ ಕರಕೊಂಡು ಹೋಗುತ್ತೇನೆ. ಮತ್ತೆ ನಮ್ಮದು.